ಷರಾ

ಸೋಮವಾರ ಮುಂಜಾನೆ ಹತ್ತೂ ಹತ್ತಕ್ಕ
ಪರದೆ ಕೆಂಪಗಾತು:
ಜಾಗ ಇಲ್ಲ. ಉಳದದ್ದು ಸೊನ್ನೆ ಬೈಟು.
ಬಾಗಲಕೋಟಿ ನವನಗರದಾಗ ನಮ್ಮ ಕಚೇರಿ, ಎರಡನೇ ಮಹಡಿ.
ಬಾಳಿಕಾಯಿ ಸಾಹೇಬರ ಸ್ಕ್ಯಾನರು
ಅರ್ಧಾ ಹಾಳಿ ನುಂಗಿ ನಿಂತಿತ್ತು.

"ಏನವಾ ಮಹಾನಂದಾ, ತುಂಬಿತೇನು?"
"ತುಂಬೇತ್ರಿ."
ಮುಳುಗಿದ ಊರಿನ ಒಂದೊಂದು ಮನೀದೂ ಫೈಲು:
ತೊಲಿ ಎಷ್ಟು, ಬಾಗಲಾ ಎಷ್ಟು, ಗ್ವಾಡಿ ಕಲ್ಲಿಂದೋ ಮಣ್ಣಿಂದೋ,
ಮ್ಯಾಲ ಒಂದು ಫೋಟೋ,
ಸುಣ್ಣದ ನಂಬರ್ ಬರದ ಹಲಗಿ ಹಿಡಕೊಂಡು ನಿಂತ ಯಜಮಾನ.
ನೀರಿನ ತಳಕ್ಕ ಹೋದದ್ದನ್ನ
ಮೂರು ವರ್ಷ ಆತು, ಹಾಳಿಗೊಂದು ಹಾಳಿ ಮ್ಯಾಲೆತ್ತಾಕತ್ತೀವಿ.
ಈಗ ಇಡಾಕ ಜಾಗಿಲ್ಲ.

ಖರೇ ಅಂದ್ರ ಅದು ಮಷೀನೂ ಅಲ್ಲ.
ಒಂದು ಕಬ್ಬಿಣದ ಡಬ್ಬಿಯೊಳಗ
ಆರು ಮಷೀನು ಇದ್ದಂಗ ನಟಸ್ತಾವ, ನಮ್ಮದು ನಾಕನೇದು.
ತನಗೂ ಮೈ ಐತಂತ ಅದು ನಂಬೇತಿ.
ನಾವು ಇನ್ನೂರು ಅಂದ್ರ ಅದರ ಜಗತ್ತು ಇನ್ನೂರು ಜಿಬಿ.

ಬಂದ್ ಮಾಡಿ, ಐನೂರು ಅಂತ ಬರದೆ.
ಒಪ್ಪಲಿಲ್ಲ.
ಸ್ನ್ಯಾಪ್‌ಶಾಟ್ ಅದಾವ, ಮೊದಲ ಅವನ್ನ ತಗೀರಿ, ಅಂತು.
ಹೋದ ಯುಗಾದಿಗೆ ಇಟ್ಟದ್ದು, ಅದರ ಹಿಂದಿಂದು, ಅದರ ಹಿಂದಿಂದು.
ಕೆಟ್ರ ತಿರುಗಿ ಹೋಗಾಕಂತ ಇಟಗೊಂಡ ದಾರಿ.
ಬ್ಯಾಕಪ್ ಎರಡ ಸಲ ನೋಡಿದೆ.
ಮೂರನೇ ಸಲಾನೂ ನೋಡಿದೆ.
ಆಮ್ಯಾಲ ಒತ್ತಿದೆ.

ನಲವತ್ತು ಮಿನಿಟು ಅದು ಒಂದರಾಗೊಂದು ಕೂಡಸ್ಕೋತ ಕುಂತಿತು.
ರಾಜೇಸಾಬ ಕಾಕಾ ಚಾ ತಂದಾ.
"ಡಿಸ್ಕಿನಾಗೂ ಸೆಕ್ಟರ್ ಇರ್ತಾವಂತಲ್ಲ, ಖರೇನು?"
"ಇರ್ತಾವ ಕಾಕಾ, ಕೋಟಿಗಟ್ಟಲೆ."
"ಹಂಗಾದ್ರ ಅದೂ ನಮ್ಮಂಗ ಆತು.
ಮೊದಲ ಮನಿ ಎಲ್ಲಿ ಅಂದ್ರ
ಕುಂಬಾರ ಸಾಲಿನ ಹಿಂದ, ಹುಣಸಿಗಿಡದ ಬಾಜೂಕ ಅಂತಿದ್ವಿ.
ಈಗ ಮೊಮ್ಮಗಳು ಸೆಕ್ಟರು, ಪ್ಲಾಟು
ಮಗ್ಗಿ ಅಂದಂಗ ಅಂತಾಳ. ಅಂಚಿಯವನೂ ದಾರಿ ತಪ್ಪೂದಿಲ್ಲ."

ಚಾಲೂ ಮಾಡಿ ನೋಡಿದ್ರ
ಹೊರಗ ಐನೂರು, ಒಳಗ ಇನ್ನೂರ.
ಹಂಚಿಕಿ ಆಗದ ಮುನ್ನೂರು
ಕರೇ ಪಟ್ಟಿಯಾಗಿ ಬಲಕ್ಕ ಬಿದ್ದೈತಿ,
ಹಕ್ಕುಪತ್ರ ಬಂದ ಮನಿ, ಕೀಲಿ ಬಂದಿಲ್ಲ.
ನಡುವ ಒಂದು ಸಣ್ಣ ಪಾಲು, ಅರ್ಧಾ ಜಿಬಿಯೂ ಇಲ್ಲ,
ಅಣ್ಣತಮ್ಮರ ನಡುವಿನ ಕುಳ್ಳ ಗ್ವಾಡಿ ಹಂಗ.
"ಕೆಡವಾಕ ಏನು?" ಅಂದ್ರು ಬಾಳಿಕಾಯಿ.
"ಬ್ಯಾಡ್ರಿ. ಜೀವ ಹೋಗೂ ಹೊತ್ತಿಗೆ ಅದ ಬೇಕು."
ಅದನ್ನ ಎತ್ತಿ ಕಟ್ಟಕಡೀಕ ಸರಸಿದೆ.
ಊರ ಸರಸಿದ ಕಚೇರಿ ಇದು, ಒಂದು ಗ್ವಾಡಿ ಏನ್ ಹೆಚ್ಚಿಂದು.

ನೀಲಿ ಪಟ್ಟಿ ಸದ್ದಿಲ್ಲದ ಬಲಕ್ಕ ಹರೀತು.
ಯಾವ ಕಲ್ಲೂ ಅಲುಗಲಿಲ್ಲ, ಫ್ಯಾನ್ ಅದ ಗತಿಯೊಳಗ ತಿರುಗತಿತ್ತು.
"ಗೇಟು ಇನ್ನೂ ಎತ್ತರಸ್ತಾರಂತಲ್ಲ," ಬಾಳಿಕಾಯಿ ಅಂದ್ರು,
"ಐನೂರು ಸಾಕಾದೀತೇನು?"
ನಾನು ಮಾತಾಡಲಿಲ್ಲ.

ಸ್ಕ್ಯಾನರು ಕೆಮ್ಮಿ ಹಾಳಿ ಉಗುಳಿತು.
ಮನಿ ಯಾರದೋ ದೊಡ್ಡಮನಿಯವರದು. ತೊಲಿ ಹನ್ನೊಂದು.
ಗಿಡಗಳು: ಹುಣಸಿ, ಒಂದು.

ಕಾಕಾ ಬಗ್ಗಿ ನೋಡಿದಾ. ಚಷ್ಮಾ ಏರಿಸಿ ಮತ್ತ ನೋಡಿದಾ.
"ಯಾರ ಬರಸ್ಯಾರ ಇದನ್ನ?
ಬೇರು ಅವರ ಹಿತ್ತಲದಾಗ ಹೋಗಿರಬಹುದು. ಗಿಡಾ ನಮ್ಮದು!
ನಮ್ಮವ್ವ ಹಣ್ಣ ಕುಟ್ಟತಿದ್ದಳು, ಕಲ್ಲೂ ನಮ್ಮದ!"
ಇಪ್ಪತ್ತೈದು ವರ್ಷದ ನೀರಿನ ಕೆಳಗಿನ ಗಿಡಕ್ಕ
ಕಚೇರಿ ನಡುವ ನಿಂತು ಜಗಳ.
ಬಾಳಿಕಾಯಿ ನಗಾಕತ್ತಿದ್ರು, ಆಮ್ಯಾಲ ಬಿಟ್ರು.

ತಿದ್ದಾಕ ನನಗ ಅಧಿಕಾರಿಲ್ಲ.
ಪರಿಹಾರ ಯಾವಾಗೋ ಎತ್ತಿ ತಿಂದಾರ.
ಕೆಳಗ ಷರಾ ಅಂತ ಒಂದು ಖಾಲಿ ಖಾನೆ ಇತ್ತು,
ಮೂರು ವರ್ಷದಾಗ ಅದರೊಳಗ ನಾನು ಏನೂ ಬರದಿದ್ದಿಲ್ಲ.
"ಹೇಳು ಕಾಕಾ, ಸಾವಕಾಶ ಹೇಳು," ಅಂದೆ.
"ಕಲ್ಲು ಯಾವ ಕಡಿಗಿತ್ತು?"