ಮುಖಪುಟದ ಹುಡುಗ

ಪದವಿ ಕೊಟ್ಟ ಕಾಲೇಜೇ ಕೆಲಸವನ್ನೂ ಕೊಟ್ಟಿತು.
ಗೌನು ಹಿಂತಿರುಗಿಸಿದ ಕಿಟಕಿಯಲ್ಲೇ
ಗುರುತಿನ ಚೀಟಿ ಇಸಕೊಂಡೆ:
ಮಾರ್ನಿ ಕೊಸ್ಕೆಲಾ, ವಿದ್ಯಾರ್ಥಿ ಸಂಪರ್ಕ ವಿಭಾಗ.
ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ.
"ಸಂಪರ್ಕ ಅಂದ್ರೆ ಏನ್ ಮಾಡ್ತೀಯ?"
"ಮಾತಾಡ್ತೀನಿ."
"ಅದಕ್ಕೆ ಸಂಬಳವಾ?"
ಫಿನ್ನಿಶ್ ಮಂದಿ ನಾವು,
ಮನೆಯಲ್ಲಿ ಮಾತು ಉಪ್ಪಿನಷ್ಟೇ.

ಸೆಪ್ಟೆಂಬರಿಂದ ರಸ್ತೆಯೇ ಆಫೀಸು.
ವ್ಯಾನಿನ ಹಿಂದೆ ಮಡಿಸುವ ಮೇಜು, ನೀಲಿ ಬಟ್ಟೆ,
ಕಾಲೇಜಿನ ಹೆಸರು ಹೊತ್ತ ಐನೂರು ಪೆನ್ನು
(ಮೂರರಲ್ಲಿ ಒಂದು ಬರೆಯುತ್ತದೆ),
ಎಡಗಡೆಗೆ ಉದ್ದಕ್ಕೂ ಸುಪೀರಿಯರ್ ಸರೋವರ,
ಏನನ್ನೂ ಪ್ರಚಾರ ಮಾಡದೆ.

ತಾಮ್ರದ ಗಣಿ ಮುಚ್ಚಿದ ಊರುಗಳ ಹೈಸ್ಕೂಲುಗಳಲ್ಲಿ
ಊಟದ ಹಾಲಿನ ಬಾಗಿಲಿಗೆ
ಆಚೆ ಸೇನೆಯ ಮೇಜು, ಈಚೆ ನನ್ನದು.
ಅವರ ಬಳಿ ಜೋತುಬೀಳಲು ಕಬ್ಬಿಣದ ಸರಳು,
ಹುಡುಗರ ಸಾಲು.
ನನ್ನ ಬಳಿ ಪೆಪ್ಪರ್‌ಮಿಂಟು.
ಸಾರ್ಜೆಂಟ್ ಒಳ್ಳೆಯವನು,
ಯಾರೂ ಬಾರದ ದಿನ ತನ್ನ ಪಾಸ್ಟಿ ಅರ್ಧ ಮುರಿದು ಕೊಡುತ್ತಿದ್ದ,
ಗೆಲ್ಲುವವರಿಗೆ ಇರುವ ಔದಾರ್ಯದಲ್ಲಿ.

ಕೈಪಿಡಿಯ ಮುಖಪುಟ ನಾನು ಮಾಡಿದ್ದು.
ವರ್ಷಕ್ಕೊಂದೇ ವಾರ ಕೆಂಪಾಗುವ ಮೇಪಲ್ ಮರ,
ಅದರಡಿ ನಗುತ್ತಿರುವ ವೆಸ್ಲಿ ಪೆನ್‌ಹೇಲ್.
ಕೈಯಲ್ಲಿರುವ ರಸಾಯನಶಾಸ್ತ್ರದ ಪುಸ್ತಕ ನನ್ನದು,
ಅವನು ಓದುತ್ತಿದ್ದದ್ದು ವೆಲ್ಡಿಂಗು.
ನಕ್ಕದ್ದು, ಫೋಟೋ ತೆಗೆಯುವವನ ಟೊಪ್ಪಿ ಗಾಳಿಗೆ ಹಾರಿದ್ದಕ್ಕೆ.
ಕೆಳಗೆ ಬರೆದೆ: ಇಲ್ಲಿ ನಿನಗೊಂದು ಜಾಗವಿದೆ.
ಲೊರೇನ್ ಮೇಡಂ ಕೊನೆಗೊಂದು ಆಶ್ಚರ್ಯಸೂಚಕ ನೆಟ್ಟರು.

ಜನವರಿಯಲ್ಲಿ ಇನ್ನೊಂದು ಕೆಲಸ.
ರಜೆ ಮುಗಿದರೂ ಬಾರದವರ ಪಟ್ಟಿ, ನಲವತ್ತೊಂದು ಹೆಸರು.
ಒಬ್ಬೊಬ್ಬರಿಗೂ ಫೋನು, ಮೂರು ಪ್ರಶ್ನೆ,
ಉತ್ತರ ತುಂಬಲು ಚೌಕಗಳು.
ಇಪ್ಪತ್ತೇಳನೆಯದು ಪೆನ್‌ಹೇಲ್.

ಎತ್ತಿದ. ಹಿಂದೆ ಡೀಸೆಲ್ ಇಂಜಿನ್ನಿನ ಗೊರಗೊರ.
"ಕೌಂಟಿಯ ಹಿಮ ತೆಗೀತಿದೀನಿ, ಬೇಗ ಹೇಳಿ."
ಯಾಕೆ ಬರಲಿಲ್ಲ, ಕೇಳಿದೆ, ಮೊದಲ ಪ್ರಶ್ನೆ.
"ಕಾಗದ ಬಂತಲ್ಲ.
ಆರುನೂರ ಹನ್ನೆರಡು ಡಾಲರ್ ಬಾಕಿ,
ನಿಮ್ಮ ನೋಂದಣಿಯನ್ನು ತಡೆಹಿಡಿಯಲಾಗಿದೆ ಅಂತ.
ತಡೆಹಿಡಿದೋರು ಯಾರು ಅಂತ ಇದ್ದಿದ್ರೆ
ಹೋಗಿ ಮಾತಾಡ್ತಿದ್ದೆ."

ಆ ವಾಕ್ಯ ನನಗೆ ಬಾಯಿಪಾಠ.
ಕರ್ಮಣಿ ಪ್ರಯೋಗ, ಸಭ್ಯ, ನಯ,
ಎಲ್ಲಿ ತಡವಿದರೂ ಕರ್ತೃವಿಲ್ಲ.
ಆಗಸ್ಟಿನಲ್ಲಿ ಅದನ್ನು ತಿದ್ದಿ ತೀಡಿದ್ದಕ್ಕೆ
ಲೊರೇನ್ ಮೇಡಂ ನನಗೊಂದು ಕಾಫಿ ಕೊಡಿಸಿದ್ದರು.

ಮಿಕ್ಕ ಎರಡು ಪ್ರಶ್ನೆ ಕೇಳಲಿಲ್ಲ.
ಅವನೇ ಕೇಳಿದ: "ಮುಖಪುಟದಲ್ಲಿ ಇನ್ನೂ ಇದೀನಾ?"
"ಇದೀಯ. ಎಂಟು ಸಾವಿರ ಪ್ರತಿ."
ನಕ್ಕ.
ಆ ನಗುವಿಗೆ ಸದ್ದಿದೆ ಎಂಬುದೇ ನನಗೆ ಮರೆತಿತ್ತು.

ಚೌಕದಲ್ಲಿ 'ಇತರೆ' ಎಂದು ಗುರುತು ಹಾಕಿದೆ.
ಉಳಿದ ಹದಿನಾಲ್ಕು ಹೆಸರಿಗೆ ಮರುದಿನ ಫೋನು ಮಾಡಿದೆ,
ಅಥವಾ ಅದರ ಮರುದಿನ.

ಫೆಬ್ರವರಿ, ಮೊಣಕಾಲೆತ್ತರ ಹಿಮ, ಮತ್ತದೇ ಊಟದ ಹಾಲು.
ಬೂಟಿನ ಲೇಸು ಬಿಚ್ಚಿಕೊಂಡೇ ಬಂದ ಒಬ್ಬ ಹುಡುಗಿ
ಕೈಪಿಡಿ ಎತ್ತಿಕೊಂಡಳು:
"ಅಯ್ಯೋ, ಇವ್ನು ನಮ್ಮ ಬೀದಿ ಹಿಮ ತೆಗಿಯೋನು!
ಅಲ್ಲಿ ಓದಿದ್ನಾ?"

ಸಾರ್ಜೆಂಟ್ ತಿನ್ನುವುದನ್ನು ನಿಲ್ಲಿಸಿದ.
ಇಂಥದಕ್ಕೆ ಆಫೀಸು ಕಲಿಸಿದ ಉತ್ತರವೊಂದಿದೆ,
ನಾಲಿಗೆಯ ತುದಿಗೂ ಬಂತು.
"ಒಂದು ಟರ್ಮು ಓದಿದ," ಅಂದೆ.
"ದುಡ್ಡು ಸಾಲಲಿಲ್ಲ. ನಾವು ಕೇಳಲೂ ಇಲ್ಲ."

ಕೈಪಿಡಿ ತಿರುವಿಹಾಕಿ
ಪೆನ್ನು ಹುಡುಕಿದೆ, ಒಂದು, ಎರಡು, ಮೂರನೆಯದು ಬರೆಯಿತು:
ಬಾಕಿಯ ಕಾಗದ ಬಂದ ದಿನವೇ ಈ ನಂಬರಿಗೆ ಮಾಡು.
ನಾನು ಎತ್ತುತ್ತೇನೆ.
ಕೆಳಗೆ ನನ್ನ ಹೆಸರು.

ಅವಳು ಓದಿದಳು, ನಾಲ್ಕು ಮಡಿಕೆ ಮಡಿಸಿದಳು,
ಮಡಿಕೆ ವೆಸ್ಲಿಯ ಹಣೆಯ ಮೇಲೇ ಬಿತ್ತು.
ಬರುತ್ತೇನೆ ಅನ್ನಲಿಲ್ಲ.
ಪೆಪ್ಪರ್‌ಮಿಂಟು ಎರಡು ತಗೊಂಡಳು.