ಹದಿನೈದು ಕಡ್ಡಿ

ಆ ಚಳಿಗಾಲ ಟಿಬಿಲಿಸಿಯಲ್ಲಿ
ಕರೆಂಟು ನೆಂಟ, ಕತ್ತಲೆಯೇ ಮನೆಮಗ.
ಐದನೇ ಮಹಡಿಯ ಅಡುಗೆಮನೆಯಲ್ಲಿ
ಲಾಮಾರಾ ಟೀಚರು ಕೋಟು ಬಿಚ್ಚದೆ ಕೂತು
ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಸುರುವಿದರು.
ಎಣಿಸು, ಅಂದರು. ಎಣಿಸಿದೆ. ಹದಿನೈದು.
ಒಲೆ ಹಚ್ಚಲು ಇನ್ನೂ ಹೊತ್ತಿತ್ತು,
ಕಿಟಕಿಯಾಚೆಯ ಹಿಮವೇ ನಮಗೆ ದೀಪ.

ಮೂರು ಈ ಬದಿಗೆ, ಐದು ಆ ಬದಿಗೆ,
ಏಳು ಉದ್ದಕ್ಕೆ, ಬ್ರೆಡ್ಡಿನ ಡಬ್ಬಿಯವರೆಗೆ.
ಮೂವರೂ ಅವಿಭಾಜ್ಯರು ನೋಡು, ಖಾತೂನಾ.
ಎರಡೆರಡರ ಅಂತರದಲ್ಲಿ ಹೀಗೆ ಸಾಲಾಗಿ ನಿಂತ ಮೂವರು
ಅಂಕಿಗಳ ಕೊನೆ ಹುಡುಕುತ್ತ ಹೋದರೂ ಮತ್ತೆ ಸಿಗರು.
ಇಂಥವರ ನಡುವೆ ಲಂಬಕೋನ ಹುಟ್ಟುವುದಿಲ್ಲ,
ಒಳಗಿನ ಜಾಗ ಎಂದೂ ಪೂರ್ಣಾಂಕಕ್ಕೆ ಬಗ್ಗುವುದಿಲ್ಲ.
ಆದರೂ ಈ ಮೂರು, ಈ ಐದು ಕೂಡುವ ಮೂಲೆ
ಸರಿಯಾಗಿ ನೂರಾ ಇಪ್ಪತ್ತು ಡಿಗ್ರಿ,
ಗುಲಗಂಜಿಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಬಾಗಿಲು ಬಡಿಯಿತು. ನಾಲ್ಕನೇ ಮಹಡಿಯ ಜುಝುನಾ,
ಕಂಕುಳಲ್ಲಿ ಕೂಸು, ಕೈಯಲ್ಲಿ ಹಾಲಿನ ಪಾತ್ರೆ.
ಒಂದೇ ಒಂದು ಕಡ್ಡಿ ಇದ್ದರೆ...

ಟೀಚರ ಕೈ ಮೇಜಿನ ಮೇಲೆ ತಡೆಯಿತು.
ಜಿಪುಣತನವಲ್ಲ, ಅದು ಲೆಕ್ಕ, ನನಗೆ ಗೊತ್ತು.
ಮೂರರಿಂದ ತೆಗೆದರೆ ಎರಡು, ಐದು, ಏಳು:
ಎಲ್ಲರೂ ಅವಿಭಾಜ್ಯರೇ, ಆದರೆ ಎರಡೂ ಐದೂ ಸೇರಿ
ಏಳರ ಮೈಮೇಲೆ ಮಲಗಿಬಿಡುತ್ತವೆ,
ತ್ರಿಕೋನ ಹೋಗಿ ಬರೀ ಗೆರೆ.
ಐದರಿಂದ ತೆಗೆದರೂ ಅದೇ ಪಾಡು.
ಏಳರಿಂದ ತೆಗೆದರೆ ಆರು. ಆಕಾರ ನಿಲ್ಲುತ್ತದೆ,
ಆರನ್ನು ಮಾತ್ರ ಯಾರು ಬೇಕಾದರೂ ಒಡೆಯಬಹುದು.

ಏಳರ ನಡುವಿನ ಕಡ್ಡಿ ಎತ್ತಿ ಕೊಟ್ಟರು,
ಉಳಿದ ಆರನ್ನು ಬೆರಳಲ್ಲಿ ಒತ್ತರಿಸಿದರು.
ಒಡೆಯುವುದೆಂದರೆ ಹಂಚುವುದೂ ಹೌದಲ್ಲ
ಎಂದು ಅವರೇ ಅಂದರೋ, ನಾನು ಆಮೇಲೆ ಸೇರಿಸಿಕೊಂಡೆನೋ,
ಮೂವತ್ತು ವರ್ಷವಾಯಿತು, ಹೇಳಲಾರೆ.
ಕೆಳಗಿನಿಂದ ಹಾಲು ಕಾಯುವ ವಾಸನೆ ಬಂತು.
ಅದು ಮಾತ್ರ ನಿಜ.

ಮರುದಿನ ಜುಝುನಾ ಕಡ್ಡಿ ಹಿಂದಿರುಗಿಸಿದಳು.
ತಲೆ ಸುಟ್ಟು ಕರಕಲು. ನಾಚಿಕೊಂಡಳು:
ಎಸೆಯಲು ಮನಸ್ಸು ಬರಲಿಲ್ಲ, ಟೀಚರ್.

ಟೀಚರು ಅದನ್ನು ಅದರ ಜಾಗಕ್ಕೇ ಇಟ್ಟರು.
ಕೊಂಚ ಗಿಡ್ಡ. ಮೂಲೆ ನೂರಾ ಇಪ್ಪತ್ತಕ್ಕೆ
ಕೂದಲೆಳೆಯಷ್ಟು ಕಡಿಮೆ.
ಕೋನಮಾಪಕ ತರಲೇ, ಅಂದೆ.
ಬೇಡ, ಅಂದರು,
ಕೈಗಳಿಗೆ ಉಸಿರೂದಿಕೊಳ್ಳುತ್ತ.