ಹನ್ನೆರಡು, ಹದಿನಾರು

ಹಾಸನದ ಆಸ್ಪತ್ರೆ, ಎರಡನೇ ಮಹಡಿ, ಕೊನೆಯ ಕೋಣೆ.
ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಹೂತು
ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಯುವವಳು ನಾನು.
ಹೆಸರು ನೋಡುವುದಿಲ್ಲ, ನಂಬರು ನೋಡುತ್ತೇನೆ.

ಈ ನಂಬರಿಗೆ ಮಾತ್ರ ಮುಖವಿದೆ.
ಅರಸೀಕೆರೆಯ ಹೊನ್ನಗಂಗಮ್ಮ, ಕೊಬ್ಬರಿ ಗಾಣದಾಕೆ.
ಎಡ ಮೊಲೆಗೆ ಸೂಜಿ ಚುಚ್ಚಿಸಿಕೊಂಡು ಬಂದವಳೇ
ಅರ್ಧ ಲೀಟರ್ ಎಣ್ಣೆ ನನ್ನ ಮೇಜಿನ ಮೇಲಿಟ್ಟು
"ತಲೆಗೆ ಹಚ್ಕೊ ತಾಯಿ, ಕೂದ್ಲು ತೆಂಗಿನ ನಾರಾಗವೆ" ಅಂದಳು.
ಆಮೇಲೆ, ಮೆಲ್ಲಗೆ:
"ಹುಟ್ಟಿದಾಗ್ಲಿಂದ ಎಣ್ಣೇಲೇ ಬೆಳೆದೋಳು.
ಎಣ್ಣೆಯಿಂದ್ಲೇ ಬಂತಾ ಇದು?"

ಮೇಣಕ್ಕೆ ಮುಂಚೆ ಕ್ಸೈಲೀನಿನಲ್ಲಿ ಅದ್ದಬೇಕು.
ಅದು ಕೊಬ್ಬನ್ನೆಲ್ಲ ಕರಗಿಸಿ ಕದ್ದೊಯ್ಯುತ್ತದೆ.
ಗಾಜಿನ ಮೇಲೆ ಉಳಿಯುವುದು ಗುಂಡನೆಯ ಬಿಳಿ ತೂತು,
ಹಬ್ಬದ ಮಾರನೇ ಬೆಳಗ್ಗೆ ಗೂಡಿನ ಹಣತೆ.
ಎಣ್ಣೆ ಇತ್ತು ಅನ್ನುವುದಕ್ಕೆ ಖಾಲಿಯೇ ಸಾಕ್ಷಿ.

ಅದಕ್ಕೇ ಒಂದು ಚೂರನ್ನು ಹೆಪ್ಪುಗಟ್ಟಿಸಿ ಕೊಯ್ದೆ,
ಕೊಬ್ಬನ್ನಷ್ಟೇ ಹಿಡಿಯುವ ಕೆಂಪು ಹಾಕಿದೆ.
ಕಣ್ಣಿಟ್ಟರೆ ಕೋಶ ಕೋಶದೊಳಗೂ ಹನಿ, ಹನಿ.
ಇಷ್ಟನ್ನು ಯಾವ ಸಂತೆಯಿಂದ ತಂದೆಯೇ?

ತಂದದ್ದಲ್ಲ, ಒಳಗೇ ಆಡಿಸಿದ್ದು.
ಉಂಡದ್ದರ ಜಿಡ್ಡಿನಲ್ಲೇ ಉಳಿದ ಕೋಶಗಳ ಸಂಸಾರ ತೂಗುತ್ತದೆ;
ಇದು ಮನೆಯ ಮೇಲೆ ಮನೆ ಕಟ್ಟಬೇಕು,
ಗೋಡೆಗೋಡೆಗೂ ಕೊಬ್ಬಿನ ಗಾರೆ.
ಸಕ್ಕರೆ ಮುರಿದು ಎರಡೆರಡು ಇಂಗಾಲ ಪೋಣಿಸಿ
ಹದಿನಾರಕ್ಕೆ ಗಂಟು ಹಾಕುವ ಕಿಣ್ವ,
ಫ್ಯಾಟಿ ಆ್ಯಸಿಡ್ ಸಿಂಥೇಸ್ ಎಂದಿದೆ ಬಾಟಲಿಯ ಮೇಲೆ.
ಅದಕ್ಕೂ ಬಣ್ಣ ಕಟ್ಟಿದೆ:
ಗಡ್ಡೆಯುದ್ದಕ್ಕೂ ಕಾಫಿ ಚರಟದ ಕಂದು.

ಹೊಸದೇನಲ್ಲ ಈ ಗಾಣ.
ಮೂರು ಮಕ್ಕಳಿಗೆ ಹಾಲೂಡಿಸಿದಾಗ
ಇದೇ ಮೊಲೆಯಲ್ಲಿ ಇದೇ ತಿರುಗಿತ್ತು,
ಹಾಲಿಗೆಂದು ಎಷ್ಟೋ ಸಲ ಹನ್ನೆರಡಕ್ಕೇ ಕತ್ತರಿಸುತ್ತಿತ್ತು,
ಥೇಟು ತೆಂಗಿನೆಣ್ಣೆಯ ಹಾಗೆ.
ಮಗು ಬಾಯಿ ಬಿಟ್ಟ ಮೇಲೆ ನಿಂತಿತ್ತು.
ಈಗ ಯಾರೂ ಅಳಲಿಲ್ಲ. ಹೇಗೆ ಶುರುವಾಯಿತೋ.

ರಿಪೋರ್ಟಿಗೆ ಬಂದಾಗ ಹೇಳಿದೆ:
ನೀ ಮಾರಿದ ಎಣ್ಣೆಯಲ್ಲಮ್ಮ,
ಅದು ತಾನೇ ಮಾಡಿಕೊಂಡದ್ದು.
"ಕರೆಂಟು ಹೋದ್ರೂ ನಿಲ್ಲಲ್ವಾ?"
ಇಲ್ಲ. ನಿಲ್ಲಿಸೋ ಮದ್ದು ಹುಡುಕ್ತಿದಾರೆ.
ಬಹಳ ಹೊತ್ತು ಯೋಚಿಸಿದಳು, ಕಸುಬಿನವಳು.
"ಹಂಗಾದ್ರೆ ಹಿಂಡಿ?
ಹಿಂಡಿ ಎಲ್ಲಿ ಹಾಕ್ತದೆ ಅದು?"

ಉತ್ತರಕ್ಕೆ ಕಾಯುತ್ತ ಸೆರಗು ಸರಿಮಾಡಿಕೊಂಡಳು.
ಎತ್ತಿದ ಕೈಯ ಬಳೆ
ಮೊಣಕೈವರೆಗೂ ಜಾರಿತು.